ಹೊರುವ ಹೊಟ್ಟೆ ಯಾರದು?

ಸ್ಪೇನಿನ ಬುಕಾರ್ಡೊ ಎಂಬ ಕಾಡುಮೇಕೆಯ ಸುದ್ದಿ ನಿಮ್ಮಲ್ಲಿ ಕೆಲವರು ಓದಿರಬಹುದು. ಪಿರೆನೀಸ್ ಬೆಟ್ಟಗಳಲ್ಲಿ ಕೊನೆಗೆ ಉಳಿದದ್ದು ಸೆಲಿಯಾ ಅನ್ನುವ ಒಂದೇ ಹೆಣ್ಣು. 2000ದ ಜನವರಿಯಲ್ಲಿ ಮೈಮೇಲೆ ಮರ ಬಿದ್ದು ಅದೂ ಸತ್ತಿತು. ಮೊದಲೇ ಕಿವಿಯಿಂದ ತೆಗೆದಿಟ್ಟಿದ್ದ ಚರ್ಮದ ಚೂರಿನಿಂದ 2003ರ ಜುಲೈ 30ರಂದು ಅದರ ತದ್ರೂಪು ಮರಿಯೊಂದು ಹುಟ್ಟಿತು. ಶ್ವಾಸಕೋಶ ಸರಿಯಿರಲಿಲ್ಲ. ಕೆಲವೇ ನಿಮಿಷ ಬದುಕಿತು.

ಲೋಕವೆಲ್ಲ ಆ ಮರಿಯ ಬಗ್ಗೆ ಮಾತಾಡಿತು. ನನ್ನನ್ನು ಕಾಡಿದ್ದು ತಾಯಂದಿರು. ಕಾಡುಮೇಕೆ, ಮಿಶ್ರತಳಿ ಮೇಕೆ ಎಲ್ಲ ಸೇರಿ 57ಕ್ಕೆ ಭ್ರೂಣ ಹೊರಿಸಿದ್ದರು. ಗಬ್ಬ ನಿಂತದ್ದು 7ಕ್ಕೆ. ಆರು ಕಂದು ಹಾಕಿದವು. ಉಳಿದ ಒಂದರ ಹೊಟ್ಟೆ ಕೊಯ್ದು ಮರಿ ತೆಗೆದರು.

ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರು ಕಚನ ಕತೆ ಹೇಳುತ್ತಾ, ಅವನು ಗುರು ಶುಕ್ರಾಚಾರ್ಯರ ಒಡಲಿನಿಂದ ಎದ್ದುಬರುವ ಕಡೆ ಪುಸ್ತಕ ಮುಚ್ಚಿಬಿಡುತ್ತಿದ್ದರು. "ಕಚ ಬದುಕಿದ, ಸಂತೋಷ. ಸೀಳಿದ್ದು ಯಾರ ಹೊಟ್ಟೆಯನ್ನಯ್ಯಾ?" ಎಂದು ಕೇಳಿ ಸುಮ್ಮನೆ ನಿಲ್ಲುತ್ತಿದ್ದರು. ನಮಗೆ ಆಗ ಗುರುಪುತ್ರಿ ದೇವಯಾನಿಯ ಕಣ್ಣೀರೇ ಮುಖ್ಯವಾಗಿತ್ತು. ಶುಕ್ರಾಚಾರ್ಯರನ್ನಾದರೂ ಕಚ ಮತ್ತೆ ಎಬ್ಬಿಸಿದ; ಹೊತ್ತ ಆ ಮೇಕೆಗಳನ್ನು ಕೇಳುವವರು ಯಾರು?

ನಮ್ಮ ಕಾನೂನು ಅಳಿದ ಪ್ರಾಣಿಯ ವಿಷಯದಲ್ಲಿ ಉದಾರಿ. ಚೀತಾ ಇಲ್ಲವೆಂದು 1952ರಲ್ಲೇ ಘೋಷಣೆಯಾಗಿತ್ತು; ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಅದಕ್ಕೆ ಜಾಗ ಕೊಟ್ಟರು. ಅದು ಒಳ್ಳೆಯದೇ ಅನ್ನುತ್ತೇನೆ. ಈ ಶತಮಾನದ ಆರಂಭದಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿ ಲಾಲ್‌ಜಿ ಸಿಂಗ್ ಏಷ್ಯಾ ಚೀತಾದ ತದ್ರೂಪು ಸೃಷ್ಟಿಸಲು ಹೊರಟಾಗ ಇರಾನ್ ಜೀವಕೋಶ ಕೊಡಲಿಲ್ಲ. ಕೊಟ್ಟಿದ್ದರೆ ಆ ಮರಿಯನ್ನು ಹೊರಬೇಕಿದ್ದದ್ದು ಚಿರತೆ. ಅದೇ ಕಾಯ್ದೆಯ 12ನೇ ಸೆಕ್ಷನ್ ವೈಜ್ಞಾನಿಕ ಸಂಶೋಧನೆಗೆ ಅನುಮತಿ ಕೊಡಬಹುದು ಅನ್ನುತ್ತದೆ. ಆದರೆ ಒಂದು ತಾಯಿಗೆ ಎಷ್ಟು ಸಲ ಹೊರಿಸಬಹುದು, ಎಷ್ಟು ಕಂದು ಹೋದಮೇಲೆ ಕೈಬಿಡಬೇಕು ಅನ್ನುವ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ನನ್ನ ತಕರಾರು ಇಷ್ಟೇ, ಇಲ್ಲೇ.

ಇಷ್ಟು ಹೇಳಿದರೂ ಕೀನ್ಯಾದ ನಾಜಿನ್, ಫಾತು ನನ್ನನ್ನು ಬಿಡುವುದಿಲ್ಲ. ಉತ್ತರದ ಬಿಳಿ ಖಡ್ಗಮೃಗಗಳಲ್ಲಿ ಉಳಿದಿರುವುದು ಈ ತಾಯಿ-ಮಗಳು ಮಾತ್ರ. ಇಬ್ಬರೂ ಗಬ್ಬ ಹೊರಲಾರರು. ದಕ್ಷಿಣದ ಖಡ್ಗಮೃಗಗಳೇ ಅವರ ಸಂತಾನವನ್ನು ಹೊರಬೇಕು. ಇದಕ್ಕೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಾದರೆ ಫಾತುವಿಗೆ ಹೂಂ ಅಂದವನು ಸೆಲಿಯಾಗೆ ಯಾವ ನ್ಯಾಯದಿಂದ ಬೇಡ ಅನ್ನಲಿ? ಕೊನೆಯ ಜೀವ ಇನ್ನೂ ಉಸಿರಾಡುತ್ತಿದೆ ಅನ್ನುವುದೊಂದೇ ಸಾಕೇ? ಹೊರುವವಳ ಪರವಾಗಿ ಅನುಮತಿ ಪತ್ರಕ್ಕೆ ಸಹಿ ಹಾಕುವ ಅಧಿಕಾರ ನಿಮಗೆ ಕೊಟ್ಟರೆ, ನೀವು ಹಾಕುತ್ತೀರಾ?