ಗಣಕದ ಪಾಟಿ ಒರೆಸುವ ಬಗೆ



ನವಲಗುಂದದ ಕಡೆ ಬೆಳೆಸಾಲ ಬೇಕೆಂದರೆ ರೈತನ ಕೈಯಲ್ಲಿ ಹೊಲದ ಉತಾರ ಇರಬೇಕು. ಕೈಬರಹದ ಈ ಪಹಣಿಗಳನ್ನು ಕರ್ನಾಟಕದ ‘ಭೂಮಿ’ ಯೋಜನೆಯು 2000ದ ದಶಕದ ಆರಂಭದಲ್ಲಿ ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು! ಇಂತಹ ಅಗಾಧ ದತ್ತಾಂಶದ ಮುಂದೆ ಒಂದು ಸಣ್ಣ ಆಜ್ಞೆಯ ಆಯ್ಕೆಯೂ ದೊಡ್ಡದಾಗುತ್ತದೆ. ಹೇಗೆ?

ತಾಲೂಕುವಾರು ಬೆಳೆಪಟ್ಟಿ ಬೇಕಾಗಿದೆ ಎಂದುಕೊಳ್ಳಿ. ಹೆಸರು ಎಷ್ಟು ಎಕರೆ, ಕಡಲೆ ಎಷ್ಟು, ಹತ್ತಿ ಎಷ್ಟು? ಮೂಲ ದಾಖಲೆಗೆ ಕೈ ಹಚ್ಚದೆ, ಬೇಕಾದ ಸಾಲುಗಳನ್ನು ತಾತ್ಕಾಲಿಕ ಕೋಷ್ಟಕಕ್ಕೆ ನಕಲಿಸಿ ಲೆಕ್ಕ ಮಾಡುತ್ತೇವೆ. ಮುಂದಿನ ತಾಲೂಕಿಗೆ ಹೋಗುವ ಮೊದಲು ಅದನ್ನು ಬರಿದು ಮಾಡಬೇಕು. ಇದೇ ಗಣಕದ ಪಾಟಿ.

ಪಾಟಿ ಒರೆಸಲು ಎರಡು ಆಜ್ಞೆಗಳಿವೆ. ‘ಡಿಲೀಟ್’ ಒಂದೊಂದೇ ಅಕ್ಷರ ಅಳಿಸಿದಂತೆ. ಪ್ರತಿ ಸಾಲನ್ನೂ ತೆಗೆದು, ತೆಗೆದದ್ದನ್ನು ದಿನಚರಿಯಲ್ಲಿ, ಅಂದರೆ ‘ಲಾಗ್’ನಲ್ಲಿ, ಬರೆದಿಡುತ್ತದೆ. ಕೋಷ್ಟಕಕ್ಕೆ 3 ಸೂಚಿಗಳಿದ್ದು 40,000 ಸಾಲುಗಳಿದ್ದರೆ, ಸೂಚಿಗಳಲ್ಲೇ 1,20,000 ನಮೂದುಗಳನ್ನು ನಿಭಾಯಿಸಬೇಕು! ‘ಟ್ರಂಕೇಟ್’ ಹಾಗಲ್ಲ, ಒದ್ದೆ ಅರಿವೆಯಿಂದ ಇಡೀ ಪಾಟಿ ಒರೆಸಿದಂತೆ. ಸಾಲುಗಳನ್ನು ಎಣಿಸುವ ಗೋಜಿಗೆ ಹೋಗದೆ, ಅವು ಕುಳಿತ ಜಾಗವನ್ನೇ ಒಟ್ಟಿಗೆ ಬಿಡಿಸಿಬಿಡುತ್ತದೆ. ಸಾಲುಗಳು ಹೆಚ್ಚಿದಷ್ಟೂ ಲಾಭ ಹೆಚ್ಚು. ಹತ್ತಿಪ್ಪತ್ತು ಸಾಲಿದ್ದರೆ ಡಿಲೀಟೇ ಸಾಕು.

ಮತ್ತೆ ಬರೆಯುವಾಗಲೂ ಜಾಣತನ ಬೇಕು. ಸಾಲಿಗೊಮ್ಮೆ ‘ಕಮಿಟ್’ ಮಾಡಿದರೆ ಪ್ರತಿ ಸಲವೂ ಡಿಸ್ಕಿಗಾಗಿ ಕಾಯಬೇಕಾದೀತು. ಸಾವಿರಾರು ಸಾಲುಗಳನ್ನು ಗುಂಪಾಗಿ ಸೇರಿಸಿ ಒಮ್ಮೆ ಕಮಿಟ್ ಮಾಡಿ. ಹೊರೆ ದೊಡ್ಡದಾದರೆ ಸೂಚಿಗಳನ್ನು ಮೊದಲು ತೆಗೆದು, ಎಲ್ಲ ಸಾಲು ತುಂಬಿದ ಮೇಲೆ ಕಟ್ಟಿ. ಹಲವರು ಏಕಕಾಲಕ್ಕೆ ಕೆಲಸ ಮಾಡುವಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ತಾತ್ಕಾಲಿಕ ಕೋಷ್ಟಕವಿರಲಿ. ಒಬ್ಬರ ಪಾಟಿಯನ್ನು ಇನ್ನೊಬ್ಬರು ಒರೆಸಬಾರದಲ್ಲವೆ?

ಒಂದು ಎಚ್ಚರಿಕೆ. ಟ್ರಂಕೇಟ್ ಆಜ್ಞೆಗೆ ‘ಈ ಸಾಲು ಬೇಕು, ಆ ಸಾಲು ಬೇಡ’ ಎಂಬ ಷರತ್ತು ಹಾಕಲಾಗದು. ಒರ‍್ಯಾಕಲ್, ಮೈಎಸ್‌ಕ್ಯೂಎಲ್‌ಗಳಲ್ಲಿ ಅದನ್ನು ‘ರೋಲ್‌ಬ್ಯಾಕ್’ ಮಾಡಿ ಹಿಂದೆ ಪಡೆಯಲೂ ಬಾರದು. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಕಮಿಟ್ ಆಗುವವರೆಗೆ ಮಾತ್ರ ಸಾಧ್ಯ. ಪಾಟಿಯೆಂದು ಭಾವಿಸಿ ಮೂಲ ಕೋಷ್ಟಕವನ್ನೇ ಒರೆಸಿದರೆ ಅಳಿಯುವುದು ಬರಿಯ ಅಂಕಿಗಳಲ್ಲ, ರೈತನ ಹೊಲದ ದಾಖಲೆ. ಆದ್ದರಿಂದ ತಾತ್ಕಾಲಿಕ ಕೋಷ್ಟಕಗಳ ಹೆಸರು ಬೇರೆಯೇ ಇರಲಿ, ಮೂಲದ ಮೇಲೆ ಟ್ರಂಕೇಟ್ ಅಧಿಕಾರ ಯಾರಿಗೂ ಸುಮ್ಮನೆ ಸಿಗದಿರಲಿ.

ನಿಮ್ಮ ಕಾಲೇಜಿನ ಗಣಕ ಕೊಠಡಿಯಲ್ಲಿ 1 ಲಕ್ಷ ಸಾಲಿನ ಒಂದು ಕೋಷ್ಟಕ ಮಾಡಿ, ಎರಡೂ ಬಗೆಯಲ್ಲಿ ಬರಿದು ಮಾಡಿ ಗಡಿಯಾರ ನೋಡಿ. ಕಂಡ ಅಂತರವನ್ನು ಬರೆದಿಟ್ಟುಕೊಳ್ಳಿ.