ಹಳೆಯ ಕಾರಿನ ‘ಮೂಲ ರೂಪ’ ಯಾವುದು?



ಹಳೆಯ ಕಾರುಗಳ ಪ್ರದರ್ಶನ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಅರಮನೆಯ ರೋಲ್ಸ್‌ರಾಯ್ಸ್, ಥಳಥಳಿಸುವ ಹಿತ್ತಾಳೆಯ ದೀಪ, ಪೇಟ ತೊಟ್ಟ ಚಾಲಕ. ನೋಡಲು ಅದು ಚೆಂದವೇ. ಆದರೆ ಗದಗಿನ ಮಗ್ಗುಲಲ್ಲಿರುವ ಕಳಸಾಪುರದಂಥ ಊರುಗಳ ನೆನಪಿನಲ್ಲಿ ಉಳಿದಿರುವ ಕಾರು ಅದಲ್ಲ, ಅಂಬಾಸಿಡರ್. ಮದುವೆಗೆ ಬೀಗರನ್ನು ಕರೆತಂದದ್ದು, ಹೆರಿಗೆ ನೋವಿನ ಹೆಣ್ಣುಮಗಳನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದು, ಚುನಾವಣೆ ಬಂದಾಗ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತಿದ್ದು ಇಂಥ ಕಾರು. ಅದು ಪರಂಪರೆಯೋ ಗುಜರಿಯೋ ಎಂಬುದು ಇಂದಿನ ಪ್ರಶ್ನೆ.

ಹಳೆಯ ವಾಹನವನ್ನು ಗೌರವಿಸುವ ರೂಢಿ ಇಂಗ್ಲೆಂಡಿನಲ್ಲಿ ಬೇರೂರಿದ್ದು. 1896ರ ನವೆಂಬರಿನಲ್ಲಿ ಅಲ್ಲಿನ ಹೊಸ ಕಾಯ್ದೆ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದಾಗ, ಆ ಸಂತೋಷಕ್ಕೆ ಮೋಟಾರು ಪ್ರಿಯರು ಲಂಡನ್ನಿನಿಂದ ಬ್ರೈಟನ್‌ಗೆ ಓಡಿದರು. 1927ರಲ್ಲಿ ಆ ಓಟವನ್ನು ಮತ್ತೆ ನಡೆಸಿದರು. 1905ಕ್ಕಿಂತ ಹಿಂದಿನ ಕಾರುಗಳಿಗೆ ಮಾತ್ರ ಅದರಲ್ಲಿ ಪ್ರವೇಶ. ಭಾರತದಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಆರಂಭಿಸಿದ ರ್‍ಯಾಲಿ ಪ್ರಸಿದ್ಧವಾಯಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳಿಗಾಗಿ ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ ‘ಪಯಣ’ ಸಂಗ್ರಹಾಲಯ ತೆರೆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಜಾವಾ, ಯೆಜ್ಡಿ ಬೈಕುಗಳ ಮಾಲೀಕರು ಜುಲೈ ತಿಂಗಳ ಎರಡನೆಯ ಭಾನುವಾರ ಸೇರುವ ಪದ್ಧತಿ ಬೆಳೆದಿದೆ. ಅಂದರೆ ರಾಜರ ಕಾರಿಗಷ್ಟೇ ಅಲ್ಲ, ಗುಮಾಸ್ತನ ಬೈಕಿಗೂ ಅಭಿಮಾನಿಗಳಿದ್ದಾರೆ.

ಸರಕಾರ ಈ ಹವ್ಯಾಸವನ್ನು ಕಾನೂನಿನಲ್ಲಿ ಗುರುತಿಸಿದ್ದು 2021ರ ಜುಲೈಯಲ್ಲಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ಆ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ‘ವಿಂಟೇಜ್’. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಅದರ ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ಹೊಸ ನೋಂದಣಿಯ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಗೂ ದುರಸ್ತಿಗಾಗಿ ಮಾತ್ರ ಅದನ್ನು ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ಇದರಲ್ಲಿ ಒಂದು ಷರತ್ತು ಯೋಚನೆಗೆ ಹಚ್ಚುತ್ತದೆ. ವಾಹನ ತನ್ನ ಮೂಲ ರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅರಮನೆಯ ಕಾರಿಗೆ ಇದು ಕಷ್ಟವಲ್ಲ. ವರ್ಷಕ್ಕೆ ನಾಲ್ಕು ಸಲ ಹೊರಬಂದು ಮತ್ತೆ ಮುಸುಕು ಹೊದ್ದು ಮಲಗಿದ ಕಾರು ಅದು. ಬಾಡಿಗೆಗೆ ದುಡಿದ ಅಂಬಾಸಿಡರ್‌ನ ಕತೆ ಬೇರೆ. ಪೆಟ್ರೋಲ್ ತುಟ್ಟಿಯಾದಾಗ ಮಾಲೀಕ ಅದಕ್ಕೆ ಡೀಸೆಲ್ ಎಂಜಿನ್ ಕೂಡಿಸಿದ. ತುಕ್ಕು ಹಿಡಿದ ನೆಲಹಾಸಿಗೆ ತಗಡು ಬೆಸೆದ. ಮೂಲದ ಬಿಡಿಭಾಗ ಸಿಗದಾಗ ಮಿಸ್ತ್ರಿ ಬೇರೆ ಗಾಡಿಯದನ್ನು ಅರದಿಂದ ಉಜ್ಜಿ ಹೊಂದಿಸಿದ. ಆ ಕಾರು ಇಷ್ಟು ದಿನ ಬದುಕಿದ್ದೇ ಈ ಮಾರ್ಪಾಡುಗಳಿಂದ. ಹೆಚ್ಚು ದುಡಿದ ಗಾಡಿಯೇ ಹೀಗೆ ಪರಂಪರೆಯ ಪಟ್ಟಿಯಿಂದ ಹೊರಬೀಳುತ್ತದೆ.

ನಿಯಮ ತಪ್ಪೆಂದು ಹೇಳುವಂತೆಯೂ ಇಲ್ಲ. ಮಾರ್ಪಾಡಿಗೆ ಮಿತಿಯೇ ಇಲ್ಲದಿದ್ದರೆ ಹೊಸ ಎಂಜಿನ್ನಿಗೆ ಹಳೆಯ ತಗಡು ಹೊದಿಸಿದ್ದೂ ವಿಂಟೇಜ್ ಆದೀತು. ಪ್ರದರ್ಶನಗಳಲ್ಲಿ ತೀರ್ಪುಗಾರರು ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ದಾಖಲೆಯೊಂದಿಗೆ ತಾಳೆ ನೋಡುವುದು ಇದಕ್ಕಾಗಿಯೇ. ಆದರೆ ಕಾನೂನಿನ ವ್ಯಾಖ್ಯೆಯೇ ಸಂಸ್ಕೃತಿಯ ವ್ಯಾಖ್ಯೆಯೂ ಆಗಬೇಕಿಲ್ಲ. ಹಳೆಯ ದೇವಾಲಯಕ್ಕೆ ಮುಂದಿನ ಕಾಲದವರು ಸೇರಿಸಿದ ಮಂಟಪವನ್ನು ಇತಿಹಾಸವೆಂದೇ ಓದುತ್ತೇವೆ. ಮಿಸ್ತ್ರಿ ಹಾಕಿದ ಬೆಸುಗೆಯನ್ನೂ ಹಾಗೆಯೇ ಓದಬಹುದು.

ಈ ಕಾರುಗಳನ್ನು ಉಳಿಸುವುದು ಹಣದಿಂದಷ್ಟೇ ಆಗುವ ಕೆಲಸವಲ್ಲ. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಜನರ ಆರೋಗ್ಯಕ್ಕೆ ಅದು ದೊಡ್ಡ ಉಪಕಾರ. ಆದರೆ ಹಳೆಯ ಎಂಜಿನ್‌ಗಳಲ್ಲಿ ಕವಾಟ ಕೂರುವ ಜಾಗದ ಮೆತ್ತನೆಯ ಲೋಹಕ್ಕೆ ಆ ಸೀಸವೇ ರಕ್ಷಣೆಯಾಗಿತ್ತು. ಈಗ ಅಲ್ಲಿ ಗಟ್ಟಿ ಲೋಹದ ಬಳೆ ಕೂರಿಸಬೇಕಾಗುತ್ತದೆ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡಾ 20ಕ್ಕೆ ಏರಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಇಂಥದ್ದನ್ನು ಅರಿತು ಕಾರ್ಬುರೇಟರ್ ಬಿಚ್ಚಿ, ಸದ್ದು ಕೇಳಿಯೇ ದೋಷ ಹೇಳಬಲ್ಲ ಮಿಸ್ತ್ರಿಗಳು ಮುಪ್ಪಾಗುತ್ತಿದ್ದಾರೆ. ಅವರ ಮಕ್ಕಳು ಕಲಿತದ್ದು ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ವಿದ್ಯೆ. ಕಾರು ಉಳಿದು ಕೈಗುಣ ಹೋದರೆ ಉಳಿಯುವುದು ಬರಿಯ ತಗಡು.

ಕಾರಿನ ಸಂಖ್ಯಾಫಲಕವೂ ಒಂದು ಶಾಸನವೇ. 1956ರವರೆಗೆ ಗದಗು ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ ಸೇರಿತು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಗದಗು ತಾನೇ ಜಿಲ್ಲೆಯಾಯಿತು. ‘ಎಂವೈ’ ಎಂದು ಆರಂಭವಾಗುವ ಮೈಸೂರಿನ ಕಾಲದ ಫಲಕದಿಂದ ಗದಗಿನ ‘ಕೆಎ 26’ರವರೆಗೆ ಈ ನಡೆ ಅಕ್ಷರಗಳಲ್ಲೇ ಕಾಣುತ್ತದೆ. ಈಗಾಗಲೇ ನೋಂದಣಿ ಇರುವ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲು 2021ರ ನಿಯಮ ಅವಕಾಶ ಕೊಟ್ಟಿರುವುದು ಮೆಚ್ಚತಕ್ಕ ಸಂಗತಿ.

ಅಂಬಾಸಿಡರ್ ತಯಾರಿಕೆ ಬಂಗಾಳದ ಉತ್ತರಪಾರಾದಲ್ಲಿ 2014ರ ಮೇ ತಿಂಗಳಲ್ಲಿ ನಿಂತಿತು. ಇನ್ನು ಇರುವುದಷ್ಟೇ ಲೆಕ್ಕ. ಹಿತ್ತಿಲಲ್ಲಿ ಅಂಥ ಗಾಡಿ ನಿಂತಿದ್ದರೆ ಗುಜರಿಯವನನ್ನು ಕರೆಯುವ ಮೊದಲು ನೋಂದಣಿ ಪುಸ್ತಕ ಹುಡುಕಿರಿ. ಯಾವ ವರ್ಷ ಏನು ಬದಲಾಯಿತೆಂದು ಬರೆದಿಡಿರಿ. ಅದನ್ನು ದುರಸ್ತಿ ಮಾಡಿದ ಮಿಸ್ತ್ರಿಯನ್ನು ಮಾತಾಡಿಸಿರಿ. ಪ್ರದರ್ಶನ ಏರ್ಪಡಿಸುವವರು ಮೂಲ ರೂಪದ ಕಾರುಗಳಿಗೆ ಬಹುಮಾನ ಕೊಡಲಿ. ಜೊತೆಗೆ ದುಡಿದು ಬದಲಾದ ಗಾಡಿಗಳಿಗೂ ಒಂದು ಸಾಲು ಬಿಡಲಿ, ಅದನ್ನು ಓಡುವಂತೆ ಇಟ್ಟ ಮಿಸ್ತ್ರಿಯ ಹೆಸರನ್ನೂ ಫಲಕದಲ್ಲಿ ಬರೆಯಲಿ. ಅರಮನೆಯ ಕಾರು ರಾಜರು ಹೇಗೆ ಸಂಚರಿಸಿದರೆಂದು ಹೇಳುತ್ತದೆ. ಊರಿನವರು ಹೇಗೆ ಊರು ದಾಟಿದರೆಂದು ಹೇಳಲು ಈ ಗಾಡಿಯೇ ಬೇಕು.