ನೆಲದಾಳದ ಬಂಡೆಯ ಭಾರ: ಕೊಯ್ನಾ ಕಲಿಸಿದ ಪಾಠ



1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾ ಕಣಿವೆ ನಡುಗಿತು. ಕಂಪನದ ಪರಿಮಾಣ 6.3. 150ಕ್ಕೂ ಹೆಚ್ಚು ಜನ ಮಡಿದರು. 103 ಮೀಟರ್ ಎತ್ತರದ ಅಣೆಕಟ್ಟಿನಲ್ಲಿಯೂ ಬಿರುಕು ಮೂಡಿತು. ಜಲಾಶಯದಲ್ಲಿ ನೀರು ನಿಲ್ಲತೊಡಗಿ ಆಗ ಕೆಲವೇ ವರ್ಷಗಳಾಗಿದ್ದವು. ಅದೇ ಸಹ್ಯಾದ್ರಿಯ ಸಾಲಿನಲ್ಲಿ ಬದುಕುವವರೆಲ್ಲರೂ ಈ ಘಟನೆಯ ಒಳಗುಟ್ಟನ್ನು ಅರಿಯಬೇಕು.

ನೆಲದಾಳದ ಬಂಡೆಯನ್ನು ಮೇಲಿನಿಂದಲೇ ಅರಿಯಲು ವಿಜ್ಞಾನಿಗಳು ಕಂಪನದ ಅಲೆಗಳನ್ನು ಬಳಸುತ್ತಾರೆ. ಸಣ್ಣ ಸ್ಫೋಟದಿಂದ ಎಬ್ಬಿಸಿದ ಅಲೆ ದೂರದ ಜಿಯೋಫೋನನ್ನು ತಲಪುವ ಸಮಯದಿಂದ ಅದರ ವೇಗ ತಿಳಿಯುತ್ತದೆ. ವೇಗದಿಂದ ಶಿಲೆಯ ಸಾಂದ್ರತೆಯನ್ನು ಅಂದಾಜಿಸಲಾಗುತ್ತದೆ. ಗಾರ್ಡ್ನರ್ ಮತ್ತು ಸಂಗಡಿಗರು 1974ರಲ್ಲಿ ನೀಡಿದ ಸೂತ್ರದಂತೆ, ವೇಗ ಇಮ್ಮಡಿಯಾದರೆ ಸಾಂದ್ರತೆ ಸುಮಾರು ಶೇ. 19ರಷ್ಟು ಏರುತ್ತದೆ. ಆದರೆ ಆ ಸೂತ್ರ ಹುಟ್ಟಿದ್ದು ಮರಳುಗಲ್ಲು, ಜೇಡಿಗಲ್ಲುಗಳಂಥ ಪದರಶಿಲೆಗಳಿಂದ. ಬಸಾಲ್ಟಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು; ಕೊರೆದು ತೆಗೆದ ಶಿಲೆಯ ತುಂಡನ್ನು ತೂಗಿ ತಿದ್ದಿಕೊಳ್ಳಬೇಕು.

ಸಾಂದ್ರತೆ ದೊರೆತರೆ ಮೇಲಿನಿಂದ ಬೀಳುವ ಭಾರದ ಲೆಕ್ಕ ಸುಲಭ. ಕೊಯ್ನಾದಲ್ಲಿ ಬಸಾಲ್ಟಿನ ಹೊದಿಕೆ ಸುಮಾರು 1.2 ಕಿ.ಮೀ. ದಪ್ಪ. ಘನ ಮೀಟರಿಗೆ 2.9 ಟನ್ನಿನಂತೆ, ಅದರ ಅಡಿಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 3,500 ಟನ್ ಭಾರವಿದೆ. ನೂರು ಮೀಟರ್ ಆಳದ ನೀರು ಅದಕ್ಕೆ ಸೇರಿಸುವುದು ಕೇವಲ 100 ಟನ್. ಇಷ್ಟು ಅಲ್ಪ ಭಾರ ಬೆಟ್ಟವನ್ನು ನಡುಗಿಸಬಲ್ಲದೇ?

ಉತ್ತರ ಭಾರವೊಂದರಲ್ಲೇ ಇಲ್ಲ. ಭೂಫಲಕಗಳ ಚಲನೆಯಿಂದ ಶಿಲೆಗೆ ಪಕ್ಕದಿಂದಲೂ ಒತ್ತಡ ಬೀಳುತ್ತದೆ. ಹಳೆಯ ಬಿರುಕಿನ ಎರಡು ಮೈಗಳನ್ನು ಜಾರದಂತೆ ಹಿಡಿದಿರುವುದು ಅವುಗಳ ನಡುವಣ ಘರ್ಷಣೆ. ಬಿರುಕಿನೊಳಗೆ ಇಳಿದ ನೀರು ಒಳಗಿನಿಂದ ಒತ್ತಿದಾಗ ಆ ಹಿಡಿತ ಸಡಿಲುತ್ತದೆ. ಜಾರುವ ಅಂಚಿನಲ್ಲಿದ್ದ ಬಿರುಕಿಗೆ ಅಷ್ಟೇ ಸಾಕು.

ಅಲೆಗಳು ಪಕ್ಕದ ಒತ್ತಡದ ದಿಕ್ಕನ್ನು ಸೂಚಿಸಬಲ್ಲವು. ಅದರ ಪ್ರಮಾಣವನ್ನೂ ನೀರಿನ ಒಳಒತ್ತಡವನ್ನೂ ನಿಶ್ಚಿತವಾಗಿ ಅರಿಯಲು ಆಳಕ್ಕೆ ಕೊರೆದು ಅಳೆಯಬೇಕು. ಕೊಯ್ನಾದಲ್ಲಿ 2017ರಲ್ಲಿ ಸುಮಾರು 3 ಕಿ.ಮೀ. ಆಳದ ಕೊಳವೆಯನ್ನು ಕೊರೆದದ್ದು ಇಂಥ ಅರಿವಿಗಾಗಿಯೇ.

ಆದುದರಿಂದ ಅಣೆಕಟ್ಟಿನ ಅಥವಾ ಸುರಂಗದ ಯೋಜನಾ ವರದಿ "ಶಿಲೆ ಗಟ್ಟಿಯಾಗಿದೆ" ಎಂದಾಗ ಗ್ರಾಮಸಭೆ ಮೂರು ಪ್ರಶ್ನೆ ಕೇಳಬೇಕು: ಸಾಂದ್ರತೆಯನ್ನು ತೂಗಿ ನೋಡಲಾಗಿದೆಯೇ? ಪಕ್ಕದ ಒತ್ತಡವನ್ನು ಅಳೆಯಲಾಗಿದೆಯೇ? ನೀರು ನಿಂತ ಮೇಲಿನ ಒಳಒತ್ತಡವನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ? ಗಟ್ಟಿಯಾದ ಶಿಲೆಯೆಲ್ಲ ಸ್ಥಿರವಾದ ಶಿಲೆಯಲ್ಲ.